ಅಗ್ಗದ ಸೈಕಲ್ಲೇರಿ ಬೆಳಗೊಳಕ್ಕೆ

ಪರಸ್ಥಳಕ್ಕೆ ನಾಲ್ಕು ದಿನಗಳ ಮಟ್ಟಿಗೆ ಹೋದವನು ಅಲ್ಲಿ ಛತ್ರಿಯನ್ನು ಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಚಪ್ಪಲಿಯನ್ನು ಕೊಂಡರೂ ಅಷ್ಟೆ. ಆದರೆ ಸೈಕಲ್ಲನ್ನು ಕೊಳ್ಳುತ್ತೇನೆಂದು ಹೊರಟರೆ ಕೇಳಿದವರು ನಗದೆ ಬಿಡುವುದಿಲ್ಲ. ಹಾಲೆಂಡಿನಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗ, “ಮಾವ, ಸಂಕ್ರಾಂತಿಗೆ ಬರುತ್ತೇನೆ. ಹಾಸನದಿಂದ ಶ್ರವಣಬೆಳಗೊಳಕ್ಕೆ ಸೈಕಲ್ಲಿನಲ್ಲಿಯೇ ಹೋಗಬೇಕೆಂದಿದ್ದೇನೆ. ಅಗ್ಗದ್ದೊಂದನ್ನು ನೋಡಿಡಿ” ಎಂದು ತಿಳಿಸಿದಾಗ ನಾನೂ ನಕ್ಕೆ. ನಮ್ಮ ತಾಯಿಯವರು ಮಾತ್ರ ನಗಲಿಲ್ಲ. “ಸೈಕಲ್ಲು ಕೊಳ್ಳೋದು, ಮಾರೋದು ಈ ಮನೆಗೆ ಆಗಿಬರಲಿಲ್ಲ ಕಣೋ. ಕಾರು ಮಾಡಿಕೊಂಡು ಹೋಗಿಬರಲಿ” ಎಂದು ಹೇಳಿ ಒಳಗೆ ಹೋದರು. ಆ ಮಾತಿನ ಹಿಂದಿರುವ ಸಂಗತಿ ನನಗೆ ಗೊತ್ತು. ಅದನ್ನು ಅದರ ಸ್ಥಳ ಬಂದಾಗ ಹೇಳುತ್ತೇನೆ.

ನಕ್ಕೆನೆಂದು ಹೇಳಿದೆನಷ್ಟೆ, ನಗುವ ಅಧಿಕಾರ ನಿಜವಾಗಿ ನನಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಗೆಂದು ಯೂಟ್ರೆಕ್ಟ್ ನಗರಕ್ಕೆ ಹೋಗಿದ್ದಾಗ ನಾನೂ ಇದೇ ಕೆಲಸವನ್ನು ಮಾಡಿದ್ದೆ. ಆ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಸುಮಾರು 1 ಕೋಟಿ 80 ಲಕ್ಷ ಜನಕ್ಕೆ 2 ಕೋಟಿ 30 ಲಕ್ಷದಷ್ಟು ಸೈಕಲ್ಲುಗಳಿವೆಯಂತೆ. ಯೂಟ್ರೆಕ್ಟಿನ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ಲುಗಳನ್ನು ನಿಲ್ಲಿಸುವ ಮೂರು ಅಂತಸ್ತಿನ ಕಟ್ಟಡವೇ ಇದೆ; 2019ರಲ್ಲಿ ಅದು ಪೂರ್ಣವಾಯಿತು. ಅಲ್ಲಿ ನಾಲ್ಕು ದಿನಗಳ ತಿರುಗಾಟಕ್ಕೆಂದು ಒಂದು ಹಳೆಯ ಸೈಕಲ್ಲನ್ನು 75 ಯೂರೋ ಕೊಟ್ಟು ಕೊಂಡೆ. ಅದಕ್ಕೆ ಎರಡು ಬೀಗಗಳು ಬೇಕೆಂದು ಅಂಗಡಿಯವನು ಹೇಳಿದ. ಬೀಗಗಳ ಬೆಲೆಯನ್ನು ಕೇಳಿದಾಗ, ನಾನು ಕೊಳ್ಳುತ್ತಿರುವುದು ಬೀಗವನ್ನೋ, ಅದರ ಜೊತೆಗೆ ಬಂದ ಸೈಕಲ್ಲನ್ನೋ ಎಂದು ಅನುಮಾನವಾಯಿತು. ರಸ್ತೆಯ ಬದಿಯಲ್ಲಿ ಯಾರಾದರೂ ಹತ್ತಿಪ್ಪತ್ತು ಯೂರೋಗಳಿಗೆ ಸೈಕಲ್ಲು ಕೊಡುತ್ತೇನೆಂದರೆ ಅದು ಕದ್ದ ಮಾಲೆಂದು ತಿಳಿಯಬೇಕು ಎಂದು ಅಕ್ಕ ಮೊದಲೇ ಎಚ್ಚರಿಸಿದ್ದಳು. ದಾರಿಯನ್ನು ಹುಡುಕುವ ತೊಂದರೆಯಂತೂ ಅಲ್ಲಿ ಇಲ್ಲವೇ ಇಲ್ಲ. ಸೈಕಲ್ಲಿನ ಹಾದಿಗಳು ಕೂಡುವ ಕಡೆಗಳಲ್ಲೆಲ್ಲ ಒಂದೊಂದು ಸಂಖ್ಯೆಯ ಫಲಕವಿರುತ್ತದೆ. ಚೀಟಿಯಲ್ಲಿ ಆರೇಳು ಸಂಖ್ಯೆಗಳನ್ನು ಬರೆದುಕೊಂಡು ಹೊರಟರೆ ಊರು ತಾನಾಗಿಯೇ ಬರುತ್ತದೆ.

ಅಂತಹ ದೇಶದ ಹುಡುಗನಿಗೆ ನಮ್ಮ ರಸ್ತೆಯ ಮೇಲೆ ಯಾವ ಸೈಕಲ್ಲನ್ನು ಕೊಡಿಸಬೇಕು? ತನ್ನದನ್ನೇ ವಿಮಾನದಲ್ಲಿ ತರಬಹುದಾಗಿತ್ತು. ಆದರೆ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಪೆಟ್ಟಿಗೆಗೆ ತುಂಬಿ, ಅದಕ್ಕೆ ಬೇರೆ ಬಾಡಿಗೆಯನ್ನು ಕೊಟ್ಟು ತಂದು, ನಾಲ್ಕು ದಿನ ತುಳಿದು ಮತ್ತೆ ಅದೇ ಕ್ರಮದಲ್ಲಿ ಒಯ್ಯುವುದು ಯಾರಿಗೆ ಬೇಕು? ಬಾಡಿಗೆಗೆ ಹಿಡಿಯೋಣವೆಂದರೆ, ನಾವು ಚಿಕ್ಕವರಿದ್ದಾಗ ಪ್ರತಿ ಬೀದಿಯ ಮೂಲೆಯಲ್ಲಿಯೂ ಇದ್ದ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಗಳು ಈಗ ಎಲ್ಲಿವೆ? ಮಡ್‌ಗಾರ್ಡಿನ ಮೇಲೆ ಸಂಖ್ಯೆ ಬರೆದ ಆ ಸೈಕಲ್ಲುಗಳನ್ನೂ, ನಮ್ಮ ಹೆಸರು, ತಂದೆಯ ಹೆಸರು, ಹೊರಟ ವೇಳೆಯನ್ನು ಬರೆದಿಡುತ್ತಿದ್ದ ಆ ಉದ್ದನೆಯ ಪುಸ್ತಕವನ್ನೂ ಬಲ್ಲವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ಒಳಪೆಡಲು ಕಲಿತದ್ದು ಅವುಗಳ ಮೇಲೆಯೇ. ಮೊಣಕಾಲಿನ ಕಲೆಗಳೂ ಅವುಗಳವೇ. ಒಟ್ಟಿನಲ್ಲಿ ಕೊಳ್ಳುವುದೊಂದೇ ದಾರಿಯಾಯಿತು.

ಹುಡುಗ ಬಂದಿಳಿದ. ಎತ್ತರ 6 ಅಡಿ 2 ಅಂಗುಲ. ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ 18,000 ರೂಪಾಯಿಯ ಗೇರಿನ ಸೈಕಲ್ಲನ್ನು ನೋಡಿ ಬಂದಿದ್ದ. ಅವನ ಊರಿನ ಬೆಲೆಗೆ ಹೋಲಿಸಿದರೆ ಅದು ಅಗ್ಗವೇ. ಇಪ್ಪತ್ತೊಂದು ಗೇರುಗಳು, ತಟ್ಟೆಯ ಬ್ರೇಕು, ತೆಳ್ಳನೆಯ ಟೈರು. ನೋಡಲು ಚೆನ್ನಾಗಿತ್ತು. ನಾನು ಅವನನ್ನು ಹಾಸನದ ಒಂದು ಹಳೆಯ ಸೈಕಲ್ ಅಂಗಡಿಗೆ ಕರೆದುಕೊಂಡು ಹೋಗಿ ಯಜಮಾನರ ಮುಂದೆ ಈ ವಿಚಾರವನ್ನಿಟ್ಟೆ. ಆ ವೃದ್ಧರು ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಯಿಂದ ಎತ್ತದೆಯೇ ಕೇಳಿದರು: “ಒಳ್ಳೇ ಸೈಕಲ್ಲೇ ಸ್ವಾಮಿ. ಅರಕಲಗೂಡಿನ ಆಚೆ ಅದರ ಟೈರು ಒಡೆದರೆ ಯಾರ ಹತ್ತಿರ ಹೋಗ್ತೀರಿ?”

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಸಾರವೆಲ್ಲ ಆ ಪ್ರಶ್ನೆಯಲ್ಲಿದೆ. ನಮ್ಮ ಸಾಧಾರಣ ಕರಿಯ ಸೈಕಲ್ಲಿನ ಟೈರಿನ ಅಳತೆ ‘ಇಪ್ಪತ್ತೆಂಟು ಒಂದೂವರೆ’. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಯಾವ ಸಂತೆಯೂರಿಗೆ ಹೋದರೂ ಆ ಅಳತೆಯ ಟೈರೂ ಟ್ಯೂಬೂ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿರುತ್ತವೆ. ಹೀರೋ ಕಂಪೆನಿಯ ಪೆಡಲು ಅಟ್ಲಾಸಿಗೆ ಕೂರುತ್ತದೆ. ಹರ್ಕ್ಯುಲಿಸಿನ ಚೈನು ಏವನ್ನಿಗೆ ಆಗುತ್ತದೆ. ಸುತ್ತಿಗೆ, ಸ್ಪ್ಯಾನರು, ಒಂದು ಹಿಡಿ ಬಾಲ್ಸು, ಸ್ವಲ್ಪ ಗ್ರೀಸು ಇದ್ದ ಯಾವ ಮನುಷ್ಯನೂ ಅದನ್ನು ಸರಿಪಡಿಸಬಲ್ಲ. ತೂಕ 20 ಕಿಲೋ ಮೀರಿದರೇನಂತೆ? ನಾಲ್ಕು ದಿನದ ಪರಸ್ಥಳದ ಪಯಣದಲ್ಲಿ ಸೈಕಲ್ಲಿನ ಬೆಲೆಗಿಂತಲೂ ಅದನ್ನು ಬಲ್ಲವರು ಹಾದಿಯುದ್ದಕ್ಕೂ ಎಷ್ಟು ಮಂದಿ ಇದ್ದಾರೆಂಬುದು ಮುಖ್ಯ. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬಾಕೆ 1963ರಲ್ಲಿ ತನ್ನ ದೇಶದಿಂದ ದೆಹಲಿಯವರೆಗೆ ಸೈಕಲ್ಲಿನಲ್ಲಿ ಬಂದಾಗ, ಹೊರಡುವ ಮೊದಲೇ ಅದರ ಮೂರು ವೇಗದ ಗೇರನ್ನು ಬಿಚ್ಚಿಸಿಬಿಟ್ಟಿದ್ದಳು. ಏಷ್ಯದ ರಸ್ತೆಗಳಿಗೆ ಆ ನಾಜೂಕಿನ ವಸ್ತು ಆಗಿಬರುವುದಿಲ್ಲವೆಂದು ಅವಳ ಲೆಕ್ಕ. ಟೈರುಗಳನ್ನು ಮಾತ್ರ ಹಾದಿಯ ಊರುಗಳಿಗೆ ಮುಂಚಿತವಾಗಿಯೇ ಕಳುಹಿಸಿಟ್ಟಿದ್ದಳು. ಹತ್ತು ವರ್ಷಗಳ ತರುವಾಯ ಅದೇ ಮಹಿಳೆ ತನ್ನ ಪುಟ್ಟ ಮಗಳೊಡನೆ ನಮ್ಮ ನೆರೆಯ ಕೊಡಗಿಗೂ ಬಂದು ತಂಗಿದ್ದಳು. ಇನ್ನು ಒರಿಸ್ಸದ ಚಿತ್ರಕಾರ ಪ್ರದ್ಯುಮ್ನ ಕುಮಾರ ಮಹಾನಂದಿಯ ಅವರು 1977ರಲ್ಲಿ ಹಳೆಯ ಸೈಕಲ್ಲೊಂದನ್ನು ಕೊಂಡು ದೆಹಲಿಯಿಂದ ಹೊರಟು, ನಾಲ್ಕು ತಿಂಗಳಲ್ಲಿ ಸ್ವೀಡನ್ನಿನಲ್ಲಿದ್ದ ಪತ್ನಿಯನ್ನು ಸೇರಿದ ಕಥೆ ಪ್ರಸಿದ್ಧವಾದದ್ದು. ಅವರ ಮುಂದೆ ನಮ್ಮದು ಹಿತ್ತಲಿಗೆ ಹೋಗಿಬಂದಂತೆ.

ಹುಡುಗ ಗೇರಿನ ಮೋಹವನ್ನು ಬಿಟ್ಟ. ಅವನಿಗೆ ಇನ್ನೊಂದು ಸಮಾಧಾನವೂ ದೊರೆಯಿತು: ಅವರ ಕಡೆಯ ಅಜ್ಜಿಯರು ತುಳಿಯುವ ಹಳೆಯ ಮಾದರಿಯ ಸೈಕಲ್ಲಿಗೂ ಇದೇ ಇಪ್ಪತ್ತೆಂಟು ಒಂದೂವರೆಯ ಟೈರಂತೆ!

ಅಂಗಡಿಯ ಹಿಂದೆ ಐದು ಹಳೆಯ ಸೈಕಲ್ಲುಗಳು ಗೋಡೆಗೊರಗಿದ್ದವು. ಒಂದು ತೀರ ಅಗ್ಗವಾಗಿತ್ತು, 900 ರೂಪಾಯಿ. ಅದು ಶಾಲೆಯ ಸೈಕಲ್ಲು. ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚುತ್ತಿದ್ದ, 2020ರ ಮಹಾಮಾರಿಯ ಕಾಲದಲ್ಲಿ ಹಂಚಿಕೆ ನಿಂತ ಸೈಕಲ್ಲುಗಳಲ್ಲಿ ಒಂದು. ಯಾವುದೋ ಮಗುವಿಗೆ ಬಂದದ್ದನ್ನು ನಾವು ಕೊಳ್ಳುವುದು ಬೇಡವೆಂದು ನಾನೇ ತಡೆದೆ. ಅಲ್ಲದೆ ಅದು ಅವನ ಮೊಣಕಾಲಿಗೂ ಸಾಲುತ್ತಿರಲಿಲ್ಲ. ಕರಿಯ ಸೈಕಲ್ಲುಗಳು 22 ಅಂಗುಲ, 24 ಅಂಗುಲ ಎಂದು ಎರಡು ಅಳತೆಗಳಲ್ಲಿ ಬರುತ್ತವೆ. ಎತ್ತರದವರು ಇಪ್ಪತ್ತನಾಲ್ಕನ್ನು ಕೇಳಿ ಕೊಳ್ಳಬೇಕು. ಅಂಥದು ಅಲ್ಲಿ ಒಂದೇ ಇತ್ತು: ಅಟ್ಲಾಸ್. ಹೊಸದಕ್ಕೆ ಏಳೆಂಟು ಸಾವಿರವಾಗುವ ಅಂತಹ ಸೈಕಲ್ಲಿಗೆ ಯಜಮಾನರು 2,800 ಹೇಳಿದರು.

ಹಳೆಯ ಸೈಕಲ್ಲನ್ನು ಪರೀಕ್ಷಿಸುವ ವಿದ್ಯೆಯನ್ನು ನಮ್ಮ ತಂದೆಯವರು ನನಗೆ ಕಲಿಸಿದ್ದರು. ಮೊದಲು ಚಕ್ರವನ್ನೆತ್ತಿ ತಿರುಗಿಸಿ, ಬ್ರೇಕಿನ ಕಟ್ಟೆಯ ಬಳಿ ಕಣ್ಣಿಟ್ಟು ರಿಮ್ಮಿನ ಬೆಂಡನ್ನು ನೋಡಬೇಕು. ಬೆಂಡನ್ನು ಕಡ್ಡಿ ಬಿಗಿಮಾಡಿ ತೆಗೆಯಬಹುದು. ಆದರೆ ರಿಮ್ಮು ತುಕ್ಕು ತಿಂದಿದ್ದರೆ ಬಿಟ್ಟುಬಿಡಬೇಕು. ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಫೋರ್ಕಿನಲ್ಲಿ ಕಟಕಟ ಸದ್ದು ಬರಬಾರದು. ಮುಂದಿನ ಹಲ್ಲುಚಕ್ರದ ಮೇಲಿರುವ ಚೈನನ್ನು ಬೆರಳಿನಿಂದ ಎಳೆದಾಗ ಅದು ಹಲ್ಲನ್ನು ಬಿಟ್ಟು ಮೇಲೆದ್ದರೆ ಚೈನು ಸವೆದಿದೆಯೆಂದು ಅರ್ಥ. ಪೆಡಲಿನ ಕಾಲನ್ನು ಅಡ್ಡಡ್ಡ ಅಲುಗಿಸಿ ಕಾಟರ್ ಪಿನ್ನು ಬಿಗಿಯಾಗಿದೆಯೇ ನೋಡಬೇಕು. ಅದು ಸಡಿಲವಾಗಿದ್ದರೆ ಪ್ರತಿ ಸುತ್ತಿಗೂ ಕಾಲಿನ ಕೆಳಗೆ ಒಂದು ಗುದ್ದು ಬೀಳುತ್ತದೆ. ಕಡೆಯದಾಗಿ, ಬಣ್ಣಕ್ಕೆ ಮರುಳಾಗದೆ, ಫ್ರೇಮಿನ ಬೆಸುಗೆಗಳ ಹತ್ತಿರ ಕೂದಲೆಳೆಯ ಬಿರುಕೇನಾದರೂ ಇದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಬೇಕು. ನಮ್ಮ ಅಟ್ಲಾಸಿನಲ್ಲಿ ಚೈನು ಸವೆದಿತ್ತು, ಹಿಂದಿನ ಟೈರು ಬೋಳಾಗಿತ್ತು. ಉಳಿದದ್ದೆಲ್ಲ ಗಟ್ಟಿ.

“ಈ ಕಂಪೆನಿ ಈಗ ಇದೆಯೆ?” ಎಂದು ಹುಡುಗ ಕೇಳಿದ. ದೆಹಲಿಯ ಹತ್ತಿರದ ಸಾಹಿಬಾಬಾದಿನಲ್ಲಿ ಕಡೆಯದಾಗಿ ಉಳಿದಿದ್ದ ಅದರ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ವಿಚಿತ್ರವೆಂದರೆ ಅದು ವಿಶ್ವ ಸೈಕಲ್ ದಿನ. ಯಜಮಾನರು, “ಕಂಪೆನಿ ಹೋದರೆ ಹೋಗಲಿ, ಸಾಮಾನು ಸಿಗುತ್ತಲ್ಲ ಮಗಾ” ಎಂದು ಚೈನನ್ನು ಕಳಚಿದರು. ಚೌಕಾಸಿಯಾಗಿ 2,200ಕ್ಕೆ ನಿಂತಿತು. ಹೊಸ ಚೈನು, ಟೈರು, ಬ್ರೇಕಿನ ಕಟ್ಟೆ, ಗ್ರೀಸು, ಕೂಲಿ ಸೇರಿ ಮತ್ತೆ 1,100. ಕೊಂಡದ್ದಕ್ಕೆ ಫ್ರೇಮಿನ ಸಂಖ್ಯೆಯನ್ನು ಬರೆಸಿ ಚೀಟಿ ಪಡೆದೆವು. ಹಳೆಯ ಸೈಕಲ್ಲನ್ನು ಕೊಳ್ಳುವವರು ಈ ಚೀಟಿಯನ್ನು ಎಂದಿಗೂ ಬಿಡಬಾರದು. ಹದಿನೈದು ದಿನಗಳೊಳಗೆ ತಂದುಕೊಟ್ಟರೆ 1,500ಕ್ಕೆ ಹಿಂದಕ್ಕೆ ಕೊಳ್ಳುವುದಾಗಿ ಯಜಮಾನರು ತಾವಾಗಿಯೇ ಒಪ್ಪಿದರು. ಹಾಗೆಂದರೆ ನಾಲ್ಕು ದಿನಗಳ ವಾಹನಕ್ಕೆ ನಿವ್ವಳ ಖರ್ಚು 1,800 ರೂಪಾಯಿ.

ನಾನು ಮನೆಯಲ್ಲಿದ್ದ ನನ್ನ ಹಳೆಯ ಸೈಕಲ್ಲನ್ನು ಹೊರತೆಗೆದೆ. ಐವತ್ತು ದಾಟಿದ ಮೇಲೆ ಇದೇನು ಹುಚ್ಚೆಂದು ಮನೆಯವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೊರಟುಬಿಟ್ಟೆ.

ಹಾಸನದಿಂದ ಬೆಳಗೊಳಕ್ಕೆ ನೇರವಾದ ಹಾದಿ ಶಾಂತಿಗ್ರಾಮ, ಚನ್ನರಾಯಪಟ್ಟಣಗಳ ಮೇಲೆ. 50 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಆದರೆ ಅದು ಬೆಂಗಳೂರು-ಮಂಗಳೂರು ಹೆದ್ದಾರಿ. ಲಾರಿಗಳ ಗಾಳಿಗೇ ಸೈಕಲ್ಲು ಓಲಾಡುತ್ತದೆ. ಆದ್ದರಿಂದ ನಾವು ದಕ್ಷಿಣಕ್ಕೆ ಬಳಸುವ ದಾರಿಯನ್ನು ಹಿಡಿದೆವು: ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಕಡೆಗೆ ಬೆಳಗೊಳ. ಒಟ್ಟು 115 ಕಿಲೋಮೀಟರಿನ ಸುಮಾರು. ದಿನಕ್ಕೆ ಮೂವತ್ತು, ಮೂವತ್ತೈದು. ಹುಡುಗ ಇದನ್ನು ಕೇಳಿ, “ಇಷ್ಟೇ ಏನು?” ಎಂದ. ಇಪ್ಪತ್ತು ಕಿಲೋ ಮೀರಿದ ಕಬ್ಬಿಣವನ್ನು ಒಂದೇ ಗೇರಿನಲ್ಲಿ ದಿಣ್ಣೆಗೆ ತುಳಿದ ಮೇಲೆ ಆ ಮಾತನ್ನು ಅವನು ಮತ್ತೆ ಆಡಲಿಲ್ಲ. ಸಮತಟ್ಟಾದ ದೇಶದವನಿಗೆ ದಿಣ್ಣೆಯಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಅವಮಾನವೆಂದು ತೋರಿತಂತೆ. ಬೆಲ್ಲದ ಮೂಟೆ ಹೇರಿಕೊಂಡು ನಮ್ಮ ಪಕ್ಕದಲ್ಲಿಯೇ ಸೈಕಲ್ಲು ತಳ್ಳುತ್ತಿದ್ದ ಮುದುಕರೊಬ್ಬರನ್ನು ನೋಡಿದ ನಂತರ ಆ ಭಾವನೆಯೂ ಹೋಯಿತು.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದದ್ದು. ಅದರ ನೀರಿನ ಹರವನ್ನು ನೋಡುತ್ತ ಬುತ್ತಿಯನ್ನು ಬಿಚ್ಚಿದೆವು. ಈ ಊರಿನ ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕಕ್ಕೆ ಹೋಗಿಬಂದು ‘ಅಮೆರಿಕದಲ್ಲಿ ಗೊರೂರು’ ಎಂದು ಪುಸ್ತಕ ಬರೆದರೆಂದೂ, ಅದಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತೆಂದೂ ಹೇಳಿದೆ. “ಹಾಗಾದರೆ ನಾನು ಗೊರೂರಿನಲ್ಲಿ ಹಾಲೆಂಡು” ಎಂದು ಹುಡುಗ ನಕ್ಕ. ಅರಕಲಗೂಡಿನಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಕಳೆಯಿತು.

ಎರಡನೆಯ ದಿನ ತೊಂದರೆ ಬಂದಿತು. ಪುಷ್ಯ ಮಾಸದಲ್ಲಿ ನಮ್ಮ ಹಳ್ಳಿಗಳ ಕಣವೆಲ್ಲ ರಸ್ತೆಗೇ ಬಂದಿರುತ್ತದೆಂಬುದನ್ನು ಬಲ್ಲಿರಷ್ಟೆ. ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ಟಾರಿನ ಮೇಲೆ ಹರಡುತ್ತಾರೆ. ಹೋಗಿಬರುವ ಬಸ್ಸು ಲಾರಿಗಳೇ ಒಕ್ಕಣೆಯನ್ನು ಮುಗಿಸುತ್ತವೆ. ರಾಗಿಯ ಮೇಲೆ ಸೈಕಲ್ಲು ಜಾರುತ್ತದೆ, ಅಷ್ಟೆ. ಆದರೆ ಹುರುಳಿಬಳ್ಳಿ ಹಾಗಲ್ಲ. ಅದು ಹಗ್ಗದಂತೆ ಎದ್ದು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಚೈನಿನ ಜೊತೆಗೆ ಫ್ರೀವೀಲಿನೊಳಗೆ ಸೇರಿಕೊಳ್ಳುತ್ತದೆ. ನಾನು ಇಳಿದು ತಳ್ಳಿದೆ. ಹುಡುಗ ಉತ್ಸಾಹದಿಂದ ನುಗ್ಗಿದ. ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರ ಕಚ್ಚಿ ನಿಂತು, ಅವನು ಹುರುಳಿಯ ಮೆದೆಯ ಮೇಲೆ ಬಿದ್ದ. ಮೈಗೆ ಏನೂ ಆಗಲಿಲ್ಲ. ಆದರೆ ಚೈನು ತುಂಡಾಗಿತ್ತು. ಎರಡು ಕಡ್ಡಿಗಳು ಮುರಿದಿದ್ದವು.

ಹುರುಳಿಯ ಒಡತಿ ಓಡಿಬಂದಳು. ಬೈಯುತ್ತಾಳೆಂದು ನಾನು ಅಂದುಕೊಂಡೆ. “ಅಯ್ಯೋ, ಪೆಟ್ಟಾಯಿತೇನಪ್ಪ?” ಎಂದು ಹುಡುಗನ ಅಂಗಿಯ ಮೇಲಿನ ಹೊಟ್ಟನ್ನು ಕೊಡವಿ, ಅರ್ಧ ಮೈಲಿಯಾಚೆ ಬಸ್ಸು ನಿಲ್ಲುವ ಕಡೆ ಪಂಕ್ಚರು ಹಾಕುವವನಿದ್ದಾನೆಂದು ತೋರಿಸಿದಳು. ಅದು ಅಂಗಡಿಯೆಂದು ಕರೆಯುವಂಥದಲ್ಲ. ಹುಣಸೆಯ ಮರದ ಕೆಳಗೆ ಒಂದು ಪೆಟ್ಟಿಗೆ, ಒಂದು ಪಂಪು, ಒಂದು ಬಾಣಲೆ ನೀರು. ಅಲ್ಲಿದ್ದವನು ಚೈನನ್ನು ಕಲ್ಲಿನ ಮೇಲಿಟ್ಟು, ಕೆಟ್ಟ ಕೊಂಡಿಯನ್ನು ಮೊಳೆಯಿಂದ ಹೊಡೆದು ತೆಗೆದು, ಬೇರೊಂದು ಹಳೆಯ ಚೈನಿನ ಕೊಂಡಿಯನ್ನು ಸೇರಿಸಿದ. ಡಬ್ಬಿಯಿಂದ ಎರಡು ಕಡ್ಡಿಗಳನ್ನು ಹುಡುಕಿ ತೆಗೆದು ಹಾಕಿ, ಚಕ್ರ ತಿರುಗಿಸಿ ಬೆಂಡು ತೆಗೆದ. ಎಲ್ಲ ಸೇರಿ ನಲವತ್ತು ನಿಮಿಷ. ಕೇಳಿದ್ದು 80 ರೂಪಾಯಿ. ಹದಿನೆಂಟು ಸಾವಿರದ ಆ ಸೈಕಲ್ಲನ್ನು ಆ ಮರದ ಕೆಳಗೆ ಮನಸ್ಸಿನಲ್ಲಿಯೇ ನಿಲ್ಲಿಸಿ ನೋಡಿದೆ. ಆ ಮನುಷ್ಯ ಅದನ್ನು ಮುಟ್ಟುತ್ತಿರಲಿಲ್ಲ; ನಾವು ಬಸ್ಸನ್ನು ಕಾಯುತ್ತಿದ್ದೆವು.

ಹೊಳೆನರಸೀಪುರ ಸೇರಿದಾಗ ಸಂಜೆಯಾಗಿತ್ತು. ನಮ್ಮ ತಂದೆಯವರು ಉಪಾಧ್ಯಾಯರಾಗಿದ್ದ ಊರು ಅದು. ನಾವು ಬಾಡಿಗೆಗಿದ್ದ ಮನೆ ಈಗ ಇಲ್ಲ. ಅದಿದ್ದ ಬೀದಿಯ ಕಲ್ಲುಕಟ್ಟೆಯ ಮೇಲೆ ಕುಳಿತು, ತಾಯಿಯವರ ಮಾತಿನ ಅರ್ಥವನ್ನು ಹುಡುಗನಿಗೆ ಹೇಳಿದೆ. ತಂದೆಯವರ ಹತ್ತಿರ ಒಂದು ರ‍್ಯಾಲೆ ಸೈಕಲ್ಲಿತ್ತು. 1967ರ ಮಹಾಮಸ್ತಕಾಭಿಷೇಕಕ್ಕೆ ಅವರು ಹೊಸ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಇಲ್ಲಿಂದ ಬೆಳಗೊಳದವರೆಗೆ ತುಳಿದಿದ್ದರು. ತಾಯಿಯವರು ತಮ್ಮ ಜೀವಮಾನದಲ್ಲಿ ಮಾಡಿದ ಪ್ರವಾಸಗಳಲ್ಲಿ ಅದನ್ನೊಂದನ್ನೇ ವಿವರವಾಗಿ ಹೇಳುತ್ತಾರೆ. 1986ರಲ್ಲಿ ಅಕ್ಕನಿಗೆ ಹಾಸನದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊದಲ ಕಂತಿನ ಶುಲ್ಕಕ್ಕೆ ಹಣ ಕಡಿಮೆಯಾಗಿ ತಂದೆಯವರು ಆ ಸೈಕಲ್ಲನ್ನು ಮಾರಿದರು. ಅನಂತರ ಹನ್ನೆರಡು ವರ್ಷ ಶಾಲೆಗೆ ನಡೆದೇ ಹೋದರು. ಅಕ್ಕ ಓದಿ ಪರದೇಶಕ್ಕೆ ಹೋದಳು. ಹೊಸದನ್ನು ಕೊಡಿಸುತ್ತೇನೆಂದು ಅಲ್ಲಿಂದ ಎಷ್ಟೋ ಬಾರಿ ಬರೆದಳು. “ನಡೆದರೆ ಆರೋಗ್ಯಕ್ಕೆ ಒಳ್ಳೆಯದು” ಎಂದು ತಂದೆಯವರು ಪ್ರತಿ ಬಾರಿಯೂ ಅದೇ ಉತ್ತರವನ್ನು ಬರೆದರು.

“ಅಮ್ಮ ಇದನ್ನು ನನಗೆ ಹೇಳಿಲ್ಲ” ಎಂದ ಹುಡುಗ. ಹೇಳದಿರುವುದು ಸಹಜವೆಂದೆ. ಅವನು ಆ ರಾತ್ರಿ ಹೆಚ್ಚು ಮಾತನಾಡಲಿಲ್ಲ. ಬೆಳಿಗ್ಗೆ ನಾನೇಳುವ ಮುಂಚೆ ಎದ್ದು ಎರಡು ಸೈಕಲ್ಲುಗಳ ಚೈನಿಗೂ ಎಣ್ಣೆ ಬಿಟ್ಟಿದ್ದ.

ಚನ್ನರಾಯಪಟ್ಟಣದ ಹಾದಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ತೆಂಗಿನ ತೋಟಗಳು, ಎರಡು ಜಾಲಿಮುಳ್ಳಿನ ಪಂಕ್ಚರು. ಅವೆರಡನ್ನೂ ಹುಡುಗ ತಾನೇ ಹಾಕಿದ. ಅಲ್ಲಿಂದ ಬೆಳಗೊಳ 13 ಕಿಲೋಮೀಟರು. ಬೆಳಗಿನ ಮಂಜು ಹರಿದಾಗ, ದೂರದ ಬೋಳುಗುಡ್ಡದ ಮೇಲೆ ಒಂದು ಕಂಬದಂತಹ ಆಕಾರ ಕಾಣಿಸಿತು. ಹುಡುಗ ಸೈಕಲ್ಲಿನಿಂದಿಳಿದು ಬಹಳ ಹೊತ್ತು ನೋಡಿದ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ, 57 ಅಡಿಗೂ ಮೀರಿದ ಏಕಶಿಲೆಯ ಗೊಮ್ಮಟನನ್ನು ಕಾರಿನಲ್ಲಿ ಹೋದವರು ಬೆಟ್ಟದ ಬುಡದಲ್ಲಿ ಇದ್ದಕ್ಕಿದ್ದಂತೆ ಸಂಧಿಸುತ್ತಾರೆ. ಸೈಕಲ್ಲಿನವನಿಗೆ ಅವನು ಒಂದು ಗಂಟೆಯ ಕಾಲ, ತಿರುವಿಗೊಮ್ಮೆ ಮರೆಯಾಗಿ ತಿರುವಿಗೊಮ್ಮೆ ತೋರುತ್ತ, ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತಾನೆ.

ಕಲ್ಯಾಣಿಯ ಬಳಿಯ ಎಳನೀರಿನವರ ಹತ್ತಿರ ಸೈಕಲ್ಲುಗಳನ್ನು ಬಿಟ್ಟು, ಚಪ್ಪಲಿ ಕಳಚಿ, ವಿಂಧ್ಯಗಿರಿಯ ಸುಮಾರು 650 ಮೆಟ್ಟಿಲುಗಳನ್ನು ಹತ್ತಿದೆವು. ಸೈಕಲ್ಲು ತುಳಿದ ತೊಡೆಗಳಿಗೆ ಮೆಟ್ಟಿಲೆಂದರೆ ಬೇರೆಯೇ ಶಿಕ್ಷೆಯೆಂಬುದು ಆಗ ತಿಳಿಯಿತು. ಮೇಲಿನಿಂದ ಎದುರಿನ ಚಂದ್ರಗಿರಿ, ನಡುವೆ ಊರು, ಕಲ್ಯಾಣಿ. “ತಾತ ಅಜ್ಜಿಯನ್ನು ಎಲ್ಲಿಯವರೆಗೆ ತುಳಿದುಕೊಂಡು ಬಂದಿದ್ದರು?” ಎಂದು ಹುಡುಗ ಕೇಳಿದ. ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ತಾಯಿಯವರಿಗೆ ಫೋನು ಮಾಡಿ ಕೇಳಿದ. ಊರು ಇನ್ನೂ ಒಂದು ಮೈಲಿ ಇರುವಾಗಲೇ ಜನಸಂದಣಿಗೆ ಪೊಲೀಸರು ಇಳಿಸಿದರೆಂದೂ, ಸೈಕಲ್ಲನ್ನು ಒಂದು ಹುಣಸೆಯ ಮರಕ್ಕೆ ಸರಪಣಿಯಿಂದ ಕಟ್ಟಿದರೆಂದೂ, ಅಭಿಷೇಕದ ನಡುವೆಯೂ ತಂದೆಯವರಿಗೆ ಅದರ ಚಿಂತೆಯೇ ಇತ್ತೆಂದೂ ಅವರು ಹೇಳಿದರು. ಆಮೇಲೆ, “ನೀನು ಬೀಗ ಹಾಕಿದ್ದೀಯೇನೋ?” ಎಂದು ಕೇಳಿದರು. ಹಾಕಿರಲಿಲ್ಲ. ಹಾಲೆಂಡಿನ ಹುಡುಗ ಬೀಗವನ್ನೇ ಮರೆತಿದ್ದ! ಇಳಿಯುವಾಗ ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ದಾಟಿದ. ಸೈಕಲ್ಲುಗಳು ಇದ್ದ ಕಡೆಯೇ ಇದ್ದವು. ಕ್ಯಾರಿಯರ್ ಮೇಲೆ ಎಳನೀರಿನವರ ಮೊಮ್ಮಗ ಕುಳಿತಿದ್ದ.

ಹಾಸನಕ್ಕೆ ಹಿಂತಿರುಗಿದ ಮೇಲೆ, ಹದಿನೈದು ದಿನಗಳ ಗಡುವಿಗೆ ಇನ್ನೂ ವಾರವಿರುವಾಗಲೇ, ಅಟ್ಲಾಸನ್ನು ಅಂಗಡಿಗೆ ಕೊಟ್ಟುಬರೋಣವೆಂದು ನಾನು ಹೊರಟೆ. ಹುಡುಗ ಒಪ್ಪಲಿಲ್ಲ. ಯಜಮಾನರಿಗೆ ತಾನೇ ಹೋಗಿ ಹೇಳಿಬಂದ. ಅವರು, “ನಾನು ಮೊದಲೇ ಅಂದುಕೊಂಡಿದ್ದೆ” ಎಂದರಂತೆ. ಸೈಕಲ್ಲು ಈಗ ನಮ್ಮ ಮನೆಯ ಜಗುಲಿಯ ಮೇಲಿದೆ. ತಾಯಿಯವರು ಶುಕ್ರವಾರ ಹೊಸ್ತಿಲು ಸಾರಿಸಿದ ನಂತರ ಅದರ ಹ್ಯಾಂಡಲನ್ನು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಾರೆ. ತಿಂಗಳಿಗೊಮ್ಮೆ ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಡುವ ಕೆಲಸ ನನ್ನದು. ಮಾಡಿದೆನೋ ಇಲ್ಲವೋ ಎಂದು ಯೂಟ್ರೆಕ್ಟಿನಿಂದ ತಪ್ಪದೆ ವಿಚಾರಣೆ ಬರುತ್ತದೆ.